ಯಾರ ಕೈಯಲ್ಲೂ ಇರದ ಹೊತ್ತು

ಹುಲೇಕಲ್ಲಿನ ಮೇಲಿಂದ ದಕ್ಷಿಣಕ್ಕೆ ತಿರುಗಿ, ಶಿರಸಿಯನ್ನು ಎಡಕ್ಕೆ ಬಿಟ್ಟು, ವಿಮಾನ ಸಿದ್ದಾಪುರದ ದಿಕ್ಕು ಹಿಡಿದಿತ್ತು. ಚೇತನಾ ಎಂಜಿನ್ನಿನ ವೇಗವನ್ನು ಇಳಿಸಿದಳು. ಮೂಗು ತುಸು ಬಾಗಿತು; ಕೆಳಗಿನ ಕಾಡು ನಿಧಾನವಾಗಿ ಮೇಲೇಳತೊಡಗಿತು. ಅವಳ ಬಲಗೈ ಇನ್ನೂ ವೇಗದ ಗುಂಡಿಯಾದ ಥ್ರಾಟಲಿನ ಮೇಲೆಯೇ ಇತ್ತು. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಗುಂಡಿಯನ್ನು ಎಳೆಯುವುದು ಬಾಕಿ ಇತ್ತು. ಅಷ್ಟರಲ್ಲಿ ಬಲಗಡೆ ಕುಳಿತಿದ್ದ ಶಿಕ್ಷಕ ದಾವೂದರು ತಮ್ಮ ಎಡಗೈಯನ್ನು ತಂದು ಅದೇ ಥ್ರಾಟಲಿನ ಮೇಲಿಟ್ಟರು.

ಇಡಲು ಕಾರಣವೇನೂ ಇರಲಿಲ್ಲ. ಬೆಳಗಿನಿಂದ ಅದು ಮೂರನೆಯ ಹಾರಾಟ. ಭುಜ ಸೋತಿತ್ತು, ಸೋತ ಕೈಗೆ ಎಲ್ಲಾದರೂ ಒಂದು ನೆಲೆ ಬೇಕಿತ್ತು. ಎರಡೇ ಆಸನಗಳ ಆ ತರಬೇತಿ ವಿಮಾನದಲ್ಲಿ ಕಲಿಸುವವರು ಬಲಕ್ಕೆ, ಕಲಿಯುವವರು ಎಡಕ್ಕೆ ಕೂರುತ್ತಾರೆ; ಎಂಜಿನ್ನನ್ನು ಆಳುವ ಗುಂಡಿಗಳು ಇಬ್ಬರಿಗೂ ಎಟುಕುವಂತೆ ನಡುವೆ ಇರುತ್ತವೆ. ಹಿರಿಯರ ಕೈ ಬಂದು ತಗುಲಿದೊಡನೆ ಚೇತನಾ ತನ್ನ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು. ಬಸ್ಸಿನ ಕಂಬಿಯ ಮೇಲಾಗಿದ್ದರೂ, ಊಟದ ಪಂಕ್ತಿಯ ನೀರಿನ ತಂಬಿಗೆಯ ಮೇಲಾಗಿದ್ದರೂ ಅವಳು ಹಾಗೆಯೇ ಮಾಡುತ್ತಿದ್ದಳು. ಮಾಡಿದ್ದು ಅವಳಿಗೇ ತಿಳಿಯಲಿಲ್ಲ.

ವಿಮಾನವನ್ನು ಒಬ್ಬರಿಂದ ಇನ್ನೊಬ್ಬರು ಪಡೆಯುವಾಗ ಬಾಯಿಬಿಟ್ಟು ಹೇಳಬೇಕು, ಕೇಳಿದವರು ಅದನ್ನೇ ಮರಳಿ ಹೇಳಬೇಕು. ಇದು ಕಲಿಕೆಯ ಮೊದಲ ದಿನದ ಪಾಠ. ಅರ್ಧ ಆಯುಷ್ಯ ಅದನ್ನೇ ಹೇಳಿಕೊಡುತ್ತ ಬಂದ ದಾವೂದರು ಆ ಹೊತ್ತು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

"ನಿಮ್ಮ ಬಿಳಗಿ ಬರ್ತದೆ ಈಗ. ನಿನ್ನ ಬದಿಗೇ," ಎಂದರು ದಾವೂದರು.

"ಮೇಲಿಂದ ಒಂದ್ಸಲವೂ ನೋಡ್ಲಿಲ್ಲ ಸರ್ ನಾನು."

"ನೋಡು, ನೋಡು. ನಿಮ್ಮಮ್ಮ ಬಟ್ಟೆ ಒಣಗಿಸ್ತಾ ಇದ್ರೆ ಯಾವ ಬಣ್ಣದ್ದು ಅಂತ ಹೇಳ್ಬೇಕು ನನಗೆ. ಇಲ್ದಿದ್ರೆ ಇವತ್ತಿನ ಪಾಠದಲ್ಲಿ ಫೇಲು."

ಅವಳು ನಕ್ಕು ಕಿಟಕಿಗೆ ಹಣೆ ತಾಗಿಸಿದಳು. ವಿಮಾನ ತನ್ನ ಪಾಡಿಗೆ ಇಳಿಯುತ್ತಿತ್ತು. ಚೆನ್ನಾಗಿ ಹದಗೊಳಿಸಿದ ವಿಮಾನ ಹಾಗೆಯೇ. ಹಿಡಿದವರು ಬಿಟ್ಟರೂ ಸ್ವಲ್ಪ ಹೊತ್ತು ಅದಕ್ಕೆ ಗೊತ್ತಾಗುವುದಿಲ್ಲ. ಹೊತ್ತೇರಿದ್ದರೂ ಬೆಳಗಿನ ಮಂಜು ಕಣಿವೆಗಳಿಂದ ಪೂರ್ತಿ ಎದ್ದಿರಲಿಲ್ಲ. ಕಾಡಿನ ಉಸಿರು ತೇವವಾಗಿತ್ತು. ಅಂಥ ಗಾಳಿಯಲ್ಲಿ, ಎಂಜಿನ್ನು ಮೆಲ್ಲಗೆ ತಿರುಗುವಾಗ, ಅದು ಉಸಿರೆಳೆಯುವ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬೆವರು ಬರುವ ನಾಡಿನಲ್ಲಿ ಮಂಜುಗಡ್ಡೆಯೇ ಎಂದು ಹೊಸಬರು ನಗುತ್ತಾರೆ. ಅದನ್ನು ತಡೆಯಲೆಂದೇ ಥ್ರಾಟಲಿನ ಪಕ್ಕದ ಗುಂಡಿ ಇರುವುದು. ಇಳಿಯುವ ಮೊದಲು ಅದನ್ನು ಎಳೆದರೆ ಬಿಸಿಗಾಳಿ ಒಳಗೆ ಬರುತ್ತದೆ. ದಾವೂದರು ಅವಳು ಎಳೆದಿದ್ದಾಳೆಂದು ತಿಳಿದಿದ್ದರು. ಅವಳು ಅವರು ಎಳೆಯುತ್ತಾರೆಂದು ತಿಳಿದಿದ್ದಳು.

ಮೊದಲು ಒಂದು ನಡುಕ. ಆಮೇಲೆ ಮುದುಕರ ಕೆಮ್ಮಿನಂಥ ಸದ್ದು.

"ಬಿಸಿಗಾಳಿ ಎಳ್ದಿದೀಯಲ್ಲ?"

ಚೇತನಾ ಕಿಟಕಿಯಿಂದ ತಿರುಗಿದಳು. "ನೀವು ಎಳೀಲಿಲ್ವಾ ಸರ್?"

ಇಬ್ಬರೂ ಗುಂಡಿಯನ್ನು ನೋಡಿದರು. ಅದು ಒಳಗೇ ಇತ್ತು. ದಾವೂದರು ಎಳೆದರು, ಕೆಮ್ಮು ಇನ್ನೂ ಜೋರಾಯಿತು, ಇಡೀ ವಿಮಾನ ಒಮ್ಮೆ ಅದುರಿತು, ಆಮೇಲೆ ಎಂಜಿನ್ನಿನ ಸದ್ದೇ ಇಲ್ಲ. ತಣ್ಣಗಾದ ಎಂಜಿನ್ನಿನಲ್ಲಿ ಬಿಸಿಗಾಳಿ ಎಲ್ಲಿಂದ ಬರಬೇಕು? ಮುಂದಿನ ಪಂಖ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು.

ದಾವೂದರು ಸ್ಟಿಯರಿಂಗಿಗೆ ಕೈಚಾಚಿದರು. ಆಗಲೇ ಅದನ್ನು ಹಿಡಿದುಕೊಂಡಿದ್ದ ಚೇತನಾ ಅವರ ಕೈ ಬರುವುದನ್ನು ಕಂಡು ಎರಡೂ ಕೈ ತೆಗೆದಳು.

"ಕೈ ತೆಗೀಬೇಡ!"

ಅವರು ಹಾಗೆ ಕೂಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಗದ್ದೆ ಇರೋದು ನಿನ್ನ ಬದಿಗೆ. ನನಗೆ ಸರಿಯಾಗಿ ಕಾಣಿಸೋದಿಲ್ಲ. ನೀನೇ ಇಳಿಸು. ಮೂಗು ಕೆಳಗೆ. ವೇಗ ಬಿಡಬೇಡ."

ಕೆಳಗೆಲ್ಲ ಕಾಡು. ಒಂದೇ ಒಂದು ಕಡೆ ಕಾಡಿನ ನಡುವೆ ಉದ್ದಕ್ಕೆ ಸೀಳಿದಂತೆ ಗದ್ದೆಯ ಬಯಲಿತ್ತು. ಅದರ ತಲೆಯಲ್ಲಿ, ಗೊಬ್ಬರಕ್ಕೆಂದು ಸುಡುವ ಮಣ್ಣಿನ ರಾಶಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. "ಹೊಗೆ ಎತ್ತ ಬಾಗ್ತಿದೆ?" "ನಮ್ಮ ಕಡೆಗೆ ಸರ್." "ಹಾಗಾದ್ರೆ ಅದಕ್ಕೆ ಎದುರಾಗೇ ಹೋಗು." ಅವರು ರೇಡಿಯೋದಲ್ಲಿ ಅಪಾಯದ ಕರೆ ಕೊಟ್ಟರು, ಪೆಟ್ರೋಲಿನ ಕೊಳವೆ ಮುಚ್ಚಿದರು, ಬಾಗಿಲು ಸಿಕ್ಕಿಕೊಳ್ಳದಿರಲೆಂದು ಚಿಲಕ ತೆಗೆದರು. ವೇಗವನ್ನು ಓದಿ ಹೇಳುತ್ತಿದ್ದರು. ಉಳಿದದ್ದೆಲ್ಲ ಅವಳ ಕೈಯಲ್ಲಿತ್ತು. ಮರಗಳ ತುದಿ ಚಕ್ರಕ್ಕೆ ತಾಗಿತೇನೋ ಎನ್ನುವಷ್ಟು ಕೆಳಗೆ ಹಾದು, ಮೊದಲ ಬದುವನ್ನು ದಾಟಿ, ಅವಳು ಮೂಗನ್ನು ಎತ್ತಿ ಹಿಡಿದಳು, ಹಿಡಿದೇ ಇದ್ದಳು. ಹಿಂದಿನ ಚಕ್ರಗಳು ನೆಲ ಮುಟ್ಟಿದವು. ಎರಡನೆಯ ಬದು ಮುಂದಿನ ಚಕ್ರವನ್ನು ಮುರಿಯಿತು. ವಿಮಾನ ಮೂಗೂರಿ, ಹಸಿರನ್ನು ಉಳುತ್ತ ಹೋಗಿ, ನಿಂತಿತು.

ಮಣ್ಣಿನ ವಾಸನೆ ಒಳಗೆ ಬಂತು. ಇಬ್ಬರೂ ಇಳಿಯಲಿಲ್ಲ. ಇಳಿಯಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

ಕೈಯಲ್ಲಿ ಕತ್ತಿ ಹಿಡಿದ ಒಬ್ಬ ರೈತ ಓಡಿ ಬಂದು ಕಿಟಕಿಗೆ ಬಗ್ಗಿದ. ಆ ಗದ್ದೆಯ ಒಡೆಯ ಕೆರಿಯಪ್ಪ.

"ಜೀವ ಐತಾ ಸಾಹೇಬ್ರೆ?"

"ಇದೆ."

"ಇಬ್ರಿಗೂ?"

"ಇಬ್ರಿಗೂ."

"ಹಂಗಾರೆ ಇಳೀರಿ ಮಾರಾಯ್ರೆ, ಎಂತಕ್ಕೆ ಕೂತ್ಕಂಡಿದ್ದು? ಟಿಕೇಟು ಹರಿಯೋರು ಬರ್ಬೇಕಾ?"

*

ಹಗಲು ಬಹಳ ಉದ್ದವಾಯಿತು. ತನಿಖೆಯವರು ಬರುವ ತನಕ ವಿಮಾನ ಬಿಟ್ಟು ಹೋಗುವಂತಿರಲಿಲ್ಲ. ಹಾರಾಟದ ಶಾಲೆ ಇದ್ದದ್ದು ಪೂರ್ವದ ಬಯಲಿನಲ್ಲಿ. ಅಲ್ಲಿಂದ ಹೊರಟ ಜೀಪು ಇಳಿಹೊತ್ತಿಗೆ ಮುಂಚೆ ತಲುಪುವ ಹಾಗಿರಲಿಲ್ಲ. ದಾವೂದರು ರೆಕ್ಕೆಯ ನೆರಳಿನಲ್ಲಿ ಕುಳಿತರು. ಸಿದ್ದಾಪುರದಿಂದ ಬಂದ ರಾಘು ಎಂಬ ಪೊಲೀಸಿನವನು ವಿಮಾನದ ಸುತ್ತ ಹಗ್ಗ ಕಟ್ಟಿಸಿ, ಒಳಗಿನದನ್ನು ಯಾರೂ ಮುಟ್ಟಬಾರದೆಂದು ಸಾರಿದ. ಹಗ್ಗದೊಳಗೆ ಕೆರಿಯಪ್ಪನ ಹೆಂಡತಿ ದುರ್ಗಿ ಬಗ್ಗಿಕೊಂಡು ಉದ್ದಿನ ಗಿಡ ಕೀಳುತ್ತಿದ್ದಳು. ಭತ್ತ ಕೊಯ್ದ ಮೇಲೆ ಗದ್ದೆಯ ಹಸಿಯಲ್ಲಿ ಬಿತ್ತಿದ ಉದ್ದು ಬಲಿತು, ಕಾಯಿ ಕಪ್ಪಾಗಿತ್ತು.

"ಅಜ್ಜೀ, ಮುಟ್ಟಬಾರ್ದು ಅಂದೆ."

"ವಿಮಾನ ನಿಂದು ತಮ್ಮಾ, ಉದ್ದು ನಂದು. ನಿನ್ನ ವಿಮಾನ ಮುಟ್ಟೂದಿಲ್ಲ ನಾನು."

"ಇದು ಸಾಕ್ಷಿ ಆಗ್ತದೆ."

"ಉದ್ದು ಎಂತ ಸಾಕ್ಷಿ ಹೇಳ್ತದೆ? ಬಿಸ್ಲಿಗೆ ಕಾಯಿ ಸಿಡ್ದು ನೆಲಕ್ಕೆ ಬಿದ್ರೆ ನೀ ಬಂದು ಹೆಕ್ಕಿಕೊಡ್ತ್ಯಾ?" ಎಂದವಳು ದಾವೂದರ ಕಡೆ ತಿರುಗಿದಳು. "ಅಲ್ಲ ಸಾಹೇಬ್ರೆ, ಆಚೆ ಗದ್ದೆ ಖಾಲಿ ಬಿದ್ಕಂಡಿತ್ತಲ್ಲ, ಉದ್ದಿನ ಮೇಲೇ ಬೇಕಾಗಿತ್ತಾ ನಿಮ್ಗೆ?"

"ಆಚೆ ಗದ್ದೆ ನಡೂಕೆ ಕರೆಂಟ್ ಕಂಬ ಐತೆ," ಎಂದ ಕೆರಿಯಪ್ಪ. "ಅವ್ರಿಗೆ ಕಾಣ್ತದೆ, ನಿಂಗೆ ಕಾಣೂದಿಲ್ಲ."

ಕಂಬವನ್ನು ದಾವೂದರು ಕಂಡಿರಲಿಲ್ಲ. ಕಂಡು ತಪ್ಪಿಸಿದ್ದು ಚೇತನಾ. ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ದುರ್ಗಿ ಹುಡುಗಿಯತ್ತ ಹೋಗಿದ್ದಳು.

"ಯಾವೂರ ಹುಡ್ಗಿನೇ ನೀನು?"

"ಇಲ್ಲೇ, ಬಿಳಗಿ."

"ಬಿಳಗೀಲಿ ಯಾರ ಮನೆ?"

ಚೇತನಾ ಮನೆಯ ಗುರುತು ಹೇಳಿದಳು. ದುರ್ಗಿ ಹೆಗಲ ಮೇಲಿದ್ದ ಉದ್ದಿನ ಹೊರೆಯನ್ನು ಕೆಳಗಿಟ್ಟಳು. "ಅಯ್ಯೋ ದೇವ್ರೆ! ನಿನ್ನ ಅತ್ತೇನ ನಮ್ಮ ಮೇಲಿನ ಕೇರಿಗೇ ಕೊಟ್ಟಿದ್ದಲ್ವನೇ? ನಿನ್ನಪ್ಪ ಮದುವೇಲಿ ಊಟಕ್ಕೆ ಕೂತು ಹೋಳಿಗೆ ಸಾಕು ಅನ್ನೂದೇ ಇಲ್ಲ ಅಂತ ನಗಾಡಿದ್ವು ನಾವು. ಬಾ, ಕಾಲಿಗೆ ನೀರು ಹಾಕ್ಕಳೂಕೆ ಬಾ. ನಮ್ಮ ಹುಡ್ಗೀನೇ ಇವ್ಳು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ ಅದೇ ಧ್ವನಿಯಲ್ಲಿ, "ಎಂತ ಮಾಡ್ಕಂಡ್ಯೆ ಮಗಾ? ಹೆಣ್ಣುಮಕ್ಕಳಿಗೆ ಬೇರೆ ವಾಹನ ಸಿಗ್ಲಿಲ್ವಾ? ಪುಣ್ಯಕ್ಕೆ ಅವ್ರಿದ್ರು, ಉಳಿಸಿದ್ರು," ಎಂದಳು.

ಕೇರಿಯ ಮಂದಿ ತಲೆಯಾಡಿಸಿದರು. ವಿಮಾನ ಇಳಿಸಿದವರು ಯಾರೆಂದು ಯಾರೂ ಕೇಳಿರಲಿಲ್ಲ. ಬಿಳಿಗಡ್ಡದ ಗಂಡಸೂ ಇಪ್ಪತ್ತೆರಡರ ಹುಡುಗಿಯೂ ಒಂದೇ ವಾಹನದಿಂದ ಇಳಿದ ಮೇಲೆ ಅದನ್ನು ಕೇಳಿ ತಿಳಿಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕಿರಣ ಎಂಬ ತರುಣ ಚಿತ್ರ ತೆಗೆದು, 'ಹಿರಿಯ ಪೈಲಟ್ ಕೈಚಳಕ, ತರಬೇತಿಯ ಯುವತಿ ಪಾರು' ಎಂದು ಬರೆದು ಊರಿಗೆಲ್ಲ ಕಳಿಸಿದ್ದ. ಅವನು ಅದನ್ನು ದಾವೂದರಿಗೆ ಹೆಮ್ಮೆಯಿಂದ ತೋರಿಸಿದ. ಚಿತ್ರದಲ್ಲಿ ಚೇತನಾಳ ಅರ್ಧ ಮುಖವಿತ್ತು.

ದಾವೂದರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಏನಾದರೂ ಹೇಳಬೇಕಿದ್ದರೆ ಅದೇ ಸಮಯ. ಆದರೆ ನಿಜ ಹೇಳಲು ಬಹಳ ಮಾತು ಬೇಕಿತ್ತು. ಆಸನಗಳ ವಿಚಾರ, ಗುಂಡಿಯ ವಿಚಾರ, ಯಾರು ಯಾವಾಗ ಕೈ ಇಟ್ಟರು, ಯಾರು ತೆಗೆದರು. ಸುಳ್ಳಿಗೆ ಮಾತೇ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅವರು ಸುಮ್ಮನಿದ್ದರು. ಮೈಯೆಲ್ಲ ಮರಗಟ್ಟಿದಂತಿತ್ತು. ಈ ಬೇಸಗೆಗೆ ಕೆಲಸ ಬಿಡುವುದೆಂದು ನಿಶ್ಚಯವಾಗಿತ್ತು. ಇಷ್ಟು ವರ್ಷ ಒಂದು ವಿಮಾನಕ್ಕೂ ಗೀರು ಬೀಳದಂತೆ ನಡೆದು ಬಂದವರಿಗೆ ಕೊನೆಯ ಕೆಲವು ವಾರಗಳನ್ನೂ ಹಾಗೆಯೇ ದಾಟಿಬಿಡುವ ಆಸೆ ಇತ್ತು. ಅದು ದೊಡ್ಡ ಆಸೆಯೇನಲ್ಲ ಎಂದೂ ಅನ್ನಿಸುತ್ತಿತ್ತು.

ಶಾಲೆಯ ಮುಖ್ಯಸ್ಥರ ಫೋನು ಬಂತು.

"ದೇವರು ದೊಡ್ಡವನು ದಾವೂದ್ ಸಾಹೇಬ್ರೆ. ನೀವಿದ್ದದ್ದಕ್ಕಾಯ್ತು. ಏನು ಮಾಡಿಕೊಂಡಳು ಆ ಹುಡುಗಿ?"

"ಎಂಜಿನ್ನಿಗೆ ಮಂಜು ಕಟ್ಟಿತು."

"ಬಿಸಿಗಾಳಿ ಎಳೀಲಿಲ್ವಾ? ಮೊದಲೇ ಒಂದ್ಸಲ ಆಗಿದೆ ಅವಳದು. ಇದು ಎರಡನೇದು. ನಾನು ಅವತ್ತೇ ಎಲ್ಲರೆದುರಿಗೆ ಹೇಳಿದ್ದೆ, ನಿಮಗೆ ನೆನಪಿರಬಹುದು."

ನೆನಪಿತ್ತು. ಮಳೆಗಾಲ ಮುಗಿದ ಮೇಲೆ ಒಮ್ಮೆ ಅವಳು ವಿಮಾನವನ್ನು ನೆಲಕ್ಕೆ ಗಟ್ಟಿಯಾಗಿ ಕುಕ್ಕಿ ಚಕ್ರದ ಕಾಲು ಬಗ್ಗಿಸಿದ್ದಳು. ಇನ್ನೊಂದು ತಪ್ಪು ಆದರೆ ಮನೆಗೆ ಎಂದು ಮುಖ್ಯಸ್ಥರು ತರಗತಿಯಲ್ಲಿ ಎಲ್ಲರೆದುರಿಗೆ ಹೇಳಿದ್ದರು. ಬರುವ ತಿಂಗಳು ಅವಳ ಲೈಸೆನ್ಸಿನ ಪರೀಕ್ಷೆ ಇತ್ತು.

"ಸುರಕ್ಷತೆಯ ವೇದಾ ಹೊರಟಿದ್ದಾರೆ. ಹೇಳಿಕೆ ಕೊಟ್ಟು ಮುಗಿಸಿಬಿಡಿ. ನೀವು ವಿಶ್ರಾಂತಿ ತಗೊಳ್ಳಿ, ದಣಿದಿರ್ತೀರಿ."

ಆಮೇಲೆ ಯಲ್ಲಾಪುರದಿಂದ ಹೆಂಡತಿ ಶಮ್ಸುನ್ನಿಸಾರ ಫೋನು. ಮೊದಲು ಅಳು, ಆಮೇಲೆ ಊಟವಾಯಿತೇ ಎಂಬ ಪ್ರಶ್ನೆ, ಆಮೇಲೆ ಸುದ್ದಿ. ಲಾರಿ ಸ್ಟ್ಯಾಂಡಿನಲ್ಲಿ ತಮ್ಮನ ಮಗ ಅತೀಕ್ ಫೋನು ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಾನಂತೆ, ಓಣಿಯ ಹೆಂಗಸರೆಲ್ಲ ಬಂದು ಹೋದರಂತೆ. ನಿಮ್ಮ ಕೈಯಿಂದ ಯಾರದೋ ಮನೆಯ ಹೆಣ್ಣುಮಗು ಬದುಕಿತು, ಅಲ್ಲಾಹ್ ಇದೊಂದು ಕೆಲಸಕ್ಕೇ ನಿಮ್ಮನ್ನು ಇಷ್ಟು ವರ್ಷ ಮೇಲೆ ಹಾರಿಸಿದ ಎಂದರು ಆಕೆ. ದಾವೂದರು ಹೂಂ ಎಂದರು. ಫೋನು ಇಟ್ಟು, ಸೋತ ಎಡಭುಜವನ್ನು ಬಲಗೈಯಿಂದ ತಿಕ್ಕಿಕೊಂಡರು.

ಬಿಸಿಲು ಬಾಗಿದಾಗ ಚೇತನಾ ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ಕಾಲು ತೊಳೆದು, ದುರ್ಗಿ ಕೊಟ್ಟ ಹಳೆಯ ಶಾಲು ಹೊದ್ದಿದ್ದಳು. ಲೋಟ ಕೊಟ್ಟು, ಸ್ವಲ್ಪ ದೂರದಲ್ಲಿ, ಅವರಿಗೆ ಬೆನ್ನಾಗದಂತೆ ಬದುವಿನ ಮೇಲೆ ಕುಳಿತಳು.

"ಸಕ್ಕರೆ ಜಾಸ್ತಿ ಆಯ್ತು ಅನಿಸ್ತದೆ ಸರ್. ದುರ್ಗಕ್ಕ ಹಾಕಿದ್ದು. ಹೆದರ್ದವ್ರಿಗೆ ಸಿಹಿ ಬೇಕಂತೆ."

"ನಾನು ಹೆದರಿದ್ದೆ ಅಂತ ಹೇಳಿದ್ಯಾ?"

"ಇಲ್ಲ ಸರ್. ಹೆದರಿದ್ದು ನಾನು ಅಂದೆ."

ಇಬ್ಬರೂ ಸ್ವಲ್ಪ ನಕ್ಕರು. ದೂರದಲ್ಲಿ ದುರ್ಗಿ ಕಿತ್ತ ಗಿಡಗಳನ್ನು ಕಂಬಳಿಯ ಮೇಲೆ ಹರವುತ್ತಿದ್ದಳು.

"ಸರ್, ನಾನು ಯೋಚ್ನೆ ಮಾಡಿದೆ. ಬಿಸಿಗಾಳಿ ನಾನೇ ಮರ್ತದ್ದು ಅಂತ ಹೇಳ್ತೆ."

"ಯಾಕೆ?"

"ಮರ್ತದ್ದು ಹೌದಲ್ಲ. ಎಳೀಬೇಕಾಗಿತ್ತು, ಎಳೀಲಿಲ್ಲ."

"ನನ್ನ ಕೈ ಬಂತಲ್ಲ ಅಲ್ಲಿ."

"ಬಂತು. ನೀವು ತಗಂಡ್ರಿ ಅಂದ್ಕಂಡೆ." ಅವಳು ಬದುವಿನ ಹುಲ್ಲು ಕಿತ್ತಳು. "ಅದೆಲ್ಲ ಹೆಂಗೆ ಹೇಳೂದು ಸರ್? ನೀವು ಕೈ ಇಟ್ರಿ, ಅದಕ್ಕೇ ಹಿಂಗಾಯ್ತು ಅಂತ ನಾನು ಹೇಳೂದಾ? ಚೆಂದ ಕಾಣೂದಿಲ್ಲ. ನಿಮ್ಗೆ ಇನ್ನೆಷ್ಟು ದಿನ ಇರೂದು. ನಂಗೆ ಬೇಕಾರೆ ಬೇರೆ ಎಂತಾದ್ರೂ ಸಿಗ್ತದೆ."

"ಏನು ಸಿಗ್ತದೆ?"

ಅವಳು ಮುರಿದ ಮುಂಚಕ್ರವನ್ನೇ ನೋಡುತ್ತಿದ್ದಳು. ಸಿಗುವಂಥದು ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎಳವೆಯಿಂದ ಅವಳು ಬೇರೆ ಏನನ್ನೂ ಬಯಸಿದವಳಲ್ಲ. ಅವಳು ಹಾಗೆ ಬಯಸಿದ್ದು ಬಿಳಗಿಯಲ್ಲಿ ಒಂದು ತಮಾಷೆಯ ಮಾತಾಗಿತ್ತು, ಈಚೆಗಷ್ಟೇ ಆ ತಮಾಷೆ ನಿಂತಿತ್ತು.

ದಾವೂದರು ಆಗ ಮಾತಾಡಬೇಕಿತ್ತು. ಚಹಾ ಕುಡಿದರು. ಬಿಸಿಯಾದ, ಅತಿಯಾಗಿ ಸಿಹಿಯಾದ ಚಹಾ ಗಂಟಲಿನಿಂದ ಇಳಿಯುತ್ತಿದ್ದಂತೆ ಎಷ್ಟೋ ಹೊತ್ತಿನ ಮೇಲೆ ಮೈ ಸಡಿಲಿತು. ಆ ಸಡಿಲಿಕೆಯಲ್ಲಿ ಅವಳ ಮಾತು ಅವರೊಳಗೆ ತಾನಾಗಿ ಕುಳಿತುಕೊಂಡಿತು. ಲೋಟ ಬಹುತೇಕ ಖಾಲಿಯಾಗುವ ತನಕ ಅವರು ಅದನ್ನು ಹಾಗೆಯೇ ಕೂರಗೊಟ್ಟರು. ತಳದಲ್ಲಿ ಕರಗದ ಸಕ್ಕರೆ ಉಳಿದಿತ್ತು.

"ಜೀಪು ಇಸಳೂರು ದಾಟಿದ್ಯಂತೆ," ಎಂದು ರಾಘು ಹಗ್ಗದ ಆಚೆಯಿಂದ ಕೂಗಿದ. "ಶಿರಸೀಲಿ ಡೀಸೆಲ್ ಹಾಕಿಸ್ಕಂಡು ಬರ್ತ್ರಂತೆ."

*

ವೇದಾ ಧಾರವಾಡದ ಕಡೆಯವರು, ಚುರುಕಿನ ಹೆಂಗಸು. ಬಂದವರೇ ವಿಮಾನದ ಸುತ್ತ ನಡೆದು, ಚಕ್ರದ ಗುರುತುಗಳನ್ನು ಅಳೆದು, ಚಿತ್ರ ತೆಗೆದು, ಕಿತ್ತ ಉದ್ದಿನ ಸಾಲುಗಳನ್ನು ಕಂಡು ರಾಘುವನ್ನು ಗದರಿ, ಕೆರಿಯಪ್ಪನ ಮನೆಯ ಬದಿಯ ಜಗಲಿಗೆ ಬಂದು ಕುಳಿತರು. ದಾವೂದರಿಗೆ ಕುರ್ಚಿ ಹಾಕಿಸಿದರು. ಚೇತನಾ ಕಂಬದ ಬಳಿ ನಿಂತಿದ್ದಳು.

"ಕೂಡ್ರಿ ಸರ್. ಭಾಳ ದಣದೀರಿ. ಮಾರಿ ನೋಡಿದ್ರ ಗೊತ್ತಾಗತೈತಿ. ನೀವ ಒಂದಿಷ್ಟು ಹೇಳಿಬಿಡ್ರಿ, ನಾ ಬರಕೋತೀನಿ. ಆಮ್ಯಾಲೆ ಈಕಿ ಓದಿ ಸಹಿ ಮಾಡಿದ್ರ ಆತು."

"ಬೇರೆ ಬೇರೆಯಾಗಿ ಕೇಳ್ಬೇಕಲ್ಲ?"

"ಕೇಳಬೇಕು ಖರೆ ರೀ. ಆದ್ರ ನೀವು ಹೇಳಿದ್ಮ್ಯಾಲೆ ನಮ್ಮ ಸಾಲ್ಯಾಗ ಅದಕ್ಕಿಂತ ಹೆಚ್ಚಿಗಿ ಯಾರು ಏನು ಹೇಳ್ತಾರ?" ವೇದಾ ಅದನ್ನು ಗೌರವದಿಂದಲೇ ಹೇಳಿದರು. ಪೆನ್ನಿನ ಮುಚ್ಚಳ ತೆಗೆದರು. "ಎಂಜಿನ್ ನಿಂತಾಗ ಕಂಟ್ರೋಲು ಯಾರ ಕೈಯಾಗಿತ್ರಿ?"

ದಾವೂದರು ಉಸಿರೆಳೆದುಕೊಳ್ಳುವ ಮೊದಲೇ ಕಂಬದ ಬಳಿಯಿಂದ ಧ್ವನಿ ಬಂತು.

"ನನ್ನ ಕೈಯಲ್ಲೇ ಇತ್ತು ಮೇಡಂ. ಬಿಸಿಗಾಳಿ ಎಳೆಯೂದು ನಾನು ಮರ್ತೆ. ಸರ್ ಗದ್ದೆ ತೋರಿಸಿದ್ರು. ಇಳಿಸಿದ್ದೂ..." ಅವಳು ದಾವೂದರ ಮುಖ ನೋಡಿದಳು. ಪಾಠ ಒಪ್ಪಿಸುವ ಮಗು ನಡುವೆ ನಿಂತು, ಸರಿಯಿದೆಯೇ ಎಂದು ನೋಡುವ ಹಾಗೆ. "ಇಳಿಸಿದ್ದೂ ಸರ್."

ಜಗಲಿಯಲ್ಲಿ ಕೆರಿಯಪ್ಪ ಮೆಚ್ಚಿ ತಲೆದೂಗಿದ. ವೇದಾರ ಪೆನ್ನು ಕಾಗದದ ಮೇಲೆ ಓಡಿತು.

ತಪ್ಪನ್ನು ಹೊತ್ತದ್ದು ದಾವೂದರಿಗೆ ಗೊತ್ತಿದ್ದದ್ದೇ. ಚಹಾದ ಹೊತ್ತಿನಲ್ಲಿ ಅದನ್ನು ತಾವೇ ಒಳಗೆ ಬಿಟ್ಟುಕೊಂಡಿದ್ದರು. ಇಳಿಸಿದ್ದನ್ನೂ ಕೊಟ್ಟುಬಿಡುತ್ತಾಳೆಂದು ಅವರು ಎಣಿಸಿರಲಿಲ್ಲ. ತಮ್ಮ ಜೀವಮಾನದಲ್ಲಿ ಕಂಡ ಅತ್ಯಂತ ಒಳ್ಳೆಯ ಇಳಿಕೆ ಅದು. ಬದುವಿನ ಮೇಲೆ ಮೂಗೆತ್ತಿ ಹಿಡಿದ ಆ ಎರಡು ಕೈಗಳನ್ನು ಅವರು ಪಕ್ಕದಿಂದ ನೋಡುತ್ತಿದ್ದರು. ಅದನ್ನು ಅವಳು ಪಂಕ್ತಿಯಲ್ಲಿ ಹಿರಿಯರ ಕಡೆ ಸರಿಸುವ ತಂಬಿಗೆಯಂತೆ ಸರಿಸಿಬಿಟ್ಟಿದ್ದಳು, ತಾನು ಏನನ್ನು ಕೊಡುತ್ತಿದ್ದೇನೆಂಬ ಪರಿವೆಯಿಲ್ಲದೆ.

"ಬರೆದದ್ದು ಹೊಡೆದುಹಾಕು ವೇದಾ."

"ಯಾಕ್ರಿ ಸರ್?"

"ಅವಳು ನನ್ನ ಮುಖ ನೋಡ್ಕೊಂಡು ಹೇಳಿದ್ದು ಅದು." ಅವರು ಕುರ್ಚಿಯ ಕೈ ಹಿಡಿದು ಎದ್ದರು. "ನಾನು ಇಲ್ಲಿ ಇರೋದಿಲ್ಲ. ಮೊದಲು ಅವಳದು ಕೇಳು. ಕೂತ್ಕೊಂಡು ಹೇಳಲಿ. ಆಮೇಲೆ ನನ್ನನ್ನು ಕರೆ."

"ಸರ್, ನೀವು ಇರಿ. ಪರವಾಗಿಲ್ಲ," ಎಂದಳು ಚೇತನಾ. ಅವಳ ಕಣ್ಣಲ್ಲಿ ಗಾಬರಿ ಇತ್ತು. ಎಂಜಿನ್ ನಿಂತಾಗಲೂ ಅಷ್ಟು ಗಾಬರಿ ಇರಲಿಲ್ಲ.

"ನಾನಿದ್ರೆ ನೀನು ಹೇಳೋದಿಲ್ಲ. ಹೇಳಬಾರ್ದು ಅಂತ ಮನೇಲಿ ಕಲಿಸಿದ್ದಾರೆ, ಒಳ್ಳೇದೇ ಕಲಿಸಿದ್ದಾರೆ. ಆದದ್ದೆಷ್ಟೋ ಅಷ್ಟು ಹೇಳು. ನನಗೆ ಇದು ಚೆನ್ನಾಗಿ ಕಾಣ್ತದಾ, ಕೆಟ್ಟದಾಗಿ ಕಾಣ್ತದಾ ಅಂತ ನೋಡ್ಬೇಡ. ನಾನು ನಿನ್ನ ಕಣ್ಣಿಗೇ ಬೀಳೋದಿಲ್ಲ."

ಅವರು ಜಗಲಿಯಿಳಿದು ಮನೆಯ ಹಿಂದೆ ಹೋದರು. ಅಲ್ಲಿ ದುರ್ಗಿ ಉದ್ದಿನ ಕಾಯಿ ಬಿಡಿಸುತ್ತ ಕುಳಿತಿದ್ದಳು. ಎದ್ದು ಮಣೆ ಕೊಡಲು ಹೋದವಳನ್ನು ತಡೆದು, ಅವರು ಬಾವಿಯ ಕಟ್ಟೆಯ ಮೇಲೆ ಕುಳಿತರು. ಅಲ್ಲಿಂದ ಜಗಲಿಯ ಮಾತು ಕೇಳುತ್ತಿರಲಿಲ್ಲ. ಕೇಳಬಾರದೆಂದೇ ಅಷ್ಟು ದೂರ ಬಂದಿದ್ದರೂ, ಕಿವಿ ಅತ್ತಲೇ ಇತ್ತು.

"ನಮ್ಮ ಹುಡ್ಗಿಗೆ ಎಂತಾರೂ ಮಾಡ್ತ್ರಾ ಸಾಹೇಬ್ರೆ ಅವ್ರು?"

"ಅವಳು ಹೇಳೋದರ ಮೇಲಿದೆ."

"ಎಂತ ಹೇಳ್ಬೇಕು?"

"ನಡೆದದ್ದು."

"ಅಷ್ಟೇ ಅಲ್ವಾ," ಎಂದಳು ದುರ್ಗಿ, ಅದೊಂದು ಕಷ್ಟವೇ ಅಲ್ಲವೆಂಬಂತೆ. ಆಮೇಲೆ ಒಂದೆರಡು ಕಾಯಿ ಬಿಡಿಸಿ, "ನನ್ನ ಅತ್ತೆ ಇದ್ದಷ್ಟು ದಿನ ನಾ ಒಂದು ಮಾತು ಹೇಳ್ಲಿಲ್ಲ ಅವ್ಳ ಎದ್ರಿಗೆ. ಸಾರಿಗೆ ಉಪ್ಪು ಇಲ್ಲ ಅಂತ್ಲೂ ಹೇಳ್ಲಿಲ್ಲ. ಉಪ್ಪಿಲ್ದೇ ಉಂಡ್ವು," ಎಂದು ನಕ್ಕಳು.

ದಾವೂದರಿಗೂ ನಗು ಬಂತು, ಆದರೆ ನಗುವುದಕ್ಕೂ ಆಯಾಸ. ಗದ್ದೆಯ ಕಡೆ ಬೆಳಕು ಹಳದಿಗೆ ತಿರುಗಿತ್ತು. ಮೂಗೂರಿದ ವಿಮಾನದ ಬಾಲದ ಮೇಲೆ ಒಂದು ಬೆಳ್ಳಕ್ಕಿ ಕುಳಿತಿತ್ತು. ಚೇತನಾ ಮತ್ತೆ ಮೊದಲಿನದನ್ನೇ ಹೇಳಿದ್ದರೆ? ತಾವು ನಿಜ ಹೇಳಿದರೂ ಆಗ ಎರಡು ಹೇಳಿಕೆಗಳು ಬೇರೆಯಾಗುತ್ತವೆ. ಮುದುಕ ಹುಡುಗಿಯನ್ನು ಉಳಿಸಲು ಕಟ್ಟಿದ ಕಥೆ ಎಂದುಕೊಂಡು ಎಲ್ಲರೂ ಅವರ ದೊಡ್ಡತನ ಹೊಗಳುತ್ತಾರೆ, ಹುಡುಗಿಯನ್ನು ಮನೆಗೆ ಕಳಿಸುತ್ತಾರೆ. ಅದು ಅವರಿಗೆ ಆಗ ತಾನೇ ಹೊಳೆಯಿತು. ಇನ್ನು ತಮ್ಮ ಮಾತಿನಿಂದ ಅವಳು ಉಳಿಯುವುದಿಲ್ಲ. ಅವಳದೇ ಮಾತು ಬೇಕು.

"ಸರ್, ಬರ್ರಿ," ಎಂದು ವೇದಾ ಕರೆದರು.

ಚೇತನಾ ಜಗಲಿಯಲ್ಲಿರಲಿಲ್ಲ. ಮುಂದಿನ ಅಂಗಳದ ಕಡೆ ಹೋಗಿದ್ದಳೇನೋ. ದಾವೂದರು ಕೂತರು, ಕೇಳುವ ಮೊದಲೇ ಹೇಳಿದರು. ಮೂರನೆಯ ಹಾರಾಟವೆಂದು. ಭುಜ ನೋಯುತ್ತಿತ್ತೆಂದು. ಹೇಳದೆ ಕೈ ಇಟ್ಟೆನೆಂದು. ಇಟ್ಟ ಮೇಲೆ ತಾವೂ ನೋಡಲಿಲ್ಲ, ಅವಳನ್ನೂ ಕೇಳಲಿಲ್ಲ. ಅಷ್ಟು ಹೊತ್ತು ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಎಂಜಿನ್ ನಿಂತ ಮೇಲೆ ವಿಮಾನವನ್ನು ತಾವು ತೆಗೆದುಕೊಳ್ಳಬೇಕೆಂಬುದು ನಿಯಮ, ತೆಗೆದುಕೊಳ್ಳಲಿಲ್ಲ. ಗದ್ದೆ ಕಾಣುತ್ತಿದ್ದದ್ದು ಅವಳಿಗೆ. ಕಂಬ ತಪ್ಪಿಸಿದ್ದು ಅವಳು. ಇಳಿಸಿದ್ದು ಅವಳು.

ವೇದಾ ಹಿಂದಿನ ಹಾಳೆ ತಿರುವಿ, ಎರಡರ ಮೇಲೂ ಕಣ್ಣಾಡಿಸಿದರು.

"ಆಕಿನೂ ಇದನ್ನ ಹೇಳ್ಯಾಳ್ರಿ ಸರ್. ಮೊದಲ ಅತ್ತಳು. ಆಮ್ಯಾಲೆ ಒಂದೊಂದ ಹೇಳಿದಳು. ಇಳಿಸಿದ್ದು ನಾನ ಅಂತ ಹೇಳುವಾಗ ಮಾತ್ರ ಅಳಲಿಲ್ಲ."

ದಾವೂದರು ತಲೆಯಾಡಿಸಿದರು.

"ಒಂದ ಮಾತು ಹೆಚ್ಚಿಗಿ ಐತಿ ಇದ್ರಾಗ." ವೇದಾ ಕಣ್ಣೆತ್ತಲಿಲ್ಲ. "'ಈ ನಡುವೆ ಸರ್‌ಗೆ ಬೇಗ ದಣಿವಾಗುತ್ತದೆ, ಕೆಲವೊಮ್ಮೆ ಹೇಳಿದ್ದನ್ನು ಗಮನಿಸುವುದಿಲ್ಲ, ನಮಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ.' ಇದನ್ನ ಬೇಕಂದ್ರ ನಾ ತಗೀತೀನಿ ಸರ್. ಇಲ್ಲದಿದ್ರೂ ನಡೀತೈತಿ."

ಅಂಗಳದಲ್ಲಿ ಯಾರೋ ಎಮ್ಮೆಯನ್ನು ಒಳಗೆ ಹೊಡೆಯುತ್ತಿದ್ದರು. ಗೊತ್ತಿತ್ತು. ಎಲ್ಲರಿಗೂ. ತರಗತಿಯಲ್ಲಿ, ಕ್ಯಾಂಟೀನಿನಲ್ಲಿ, ಓಡುದಾರಿಯ ಅಂಚಿನಲ್ಲಿ ತಮ್ಮನ್ನು ಕಂಡು ಎದ್ದು ನಿಲ್ಲುತ್ತಿದ್ದ ಆ ಮಕ್ಕಳು ಎಷ್ಟು ದಿನದಿಂದ ಅದನ್ನು ತಮ್ಮಿಂದ ಬಚ್ಚಿಟ್ಟು ಕಾಪಾಡಿಕೊಂಡು ಬಂದಿದ್ದರೋ. ಬೇಸಗೆಯ ತನಕ ಕಾಯುವುದೂ ಇನ್ನಿಲ್ಲ. ಆ ಸಾಲು ಓದಿದ ಯಾವ ವೈದ್ಯನೂ ತಮಗೆ ಮತ್ತೆ ಹಾರಲು ಯೋಗ್ಯನೆಂಬ ಪತ್ರ ಬರೆದುಕೊಡುವುದಿಲ್ಲ.

"ಇರಲಿ," ಎಂದರು. "ತೆಗೀಬೇಡ. ಅದನ್ನ ಹೇಳೋದಕ್ಕೆ ಅವಳಿಗೆ ಎಷ್ಟು ಕಷ್ಟ ಆಯ್ತೋ."

ಸಹಿ ಹಾಕಿದರು.

ಮನೆಯ ಮುಂದುಗಡೆಗೆ ಬಂದಾಗ ಚೇತನಾ ಮುಂದಿನ ಜಗಲಿಯ ಕೊನೆಯಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಶಾಲು ಜಾರಿತ್ತು. ಮತ್ತೆ ಮಣ್ಣು ಮೆತ್ತಿದ ಕಾಲುಗಳನ್ನು ಉದ್ದಕ್ಕೆ ಚಾಚಿಕೊಂಡಿದ್ದಳು, ಜಗಲಿಯ ಅರ್ಧ ಅವಳದೇ ಆಗಿತ್ತು. ದುರ್ಗಿ ಗಡಿಬಿಡಿಯಿಂದ ಬಂದು, "ಏಯ್, ಎದ್ಕಳೇ, ಸಾಹೇಬ್ರು ಬಂದ್ರು, ಕಾಲು ಮಡಚ್ಕ," ಎಂದು ಅವಳ ಭುಜ ಮುಟ್ಟಲು ಹೋದಳು.

"ಬೇಡ," ಎಂದು ದಾವೂದರು ಮೆಲ್ಲಗೆ ಹೇಳಿದರು. "ಮಲಗ್ಲಿ."

ಜೀಪಿನವನು ಹಾರ್ನ್ ಮಾಡಿದ. ಕತ್ತಲಾಗುವ ಮೊದಲು ಶಿರಸಿ ದಾಟಬೇಕಂತೆ. ಕೆರಿಯಪ್ಪ ಹೋಗಿ ಅವನನ್ನು ಸುಮ್ಮನಿರಿಸಿದ. ದಾವೂದರು ಜಗಲಿಯ ಇನ್ನೊಂದು ತುದಿಯಲ್ಲಿ ಉಳಿದಿದ್ದಷ್ಟು ಜಾಗದಲ್ಲಿ ಕೂತು, ಕಂಬಕ್ಕೆ ತಲೆ ಆನಿಸಿದರು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಎಚ್ಚರವಾದ ಮೇಲೆ ತಮ್ಮ ಮುಖ ನೋಡಲು ಅವಳಿಗೆ ಸಂಕೋಚವಾಗುತ್ತದೆ; ಜೀಪಿನಲ್ಲಿ ಎಲ್ಲಿ ಕೂರಬೇಕೆಂದೂ ತಿಳಿಯದು. ಏನಾದರೂ ಸುಲಭದ ಮಾತು ಹೇಳಬೇಕು ಅವಳಿಗೆ. ಏನು ಹೇಳುವುದೆಂದು ಯೋಚಿಸುತ್ತ ಯೋಚಿಸುತ್ತ ಅವರ ಕಣ್ಣೂ ಮುಚ್ಚಿದವು.